ಮೌಂಟ್ ಆಗೈತೇನ್ರೀ?

ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕಂಪ್ಯೂಟರ್ ಮುಂದ ಕುಂತೀರಿ, ಫೈಲ್ ಮ್ಯಾಲ ಎರಡು ಸಲ ಒತ್ತೀರಿ, ಅದು ತೆರಿಲಿಲ್ಲ. ಅಲ್ಲಿಂದ ಎಷ್ಟು ಸೆಕೆಂಡಿಗೆ ನಿಮ್ಮ ಬೆರಳು ಪವರ್ ಬಟನ್ ಕಡೆ ಹೊಂಡ್ತೈತಿ? ಹತ್ತು? ಹದಿನೈದು? ಖರೇ ಹೇಳ್ರಿ, ಇಲ್ಲಿ ನಾವಿಬ್ರ ಅದೀವಿ. (ಬಾಜೂಕ ಕುಂತೋರು ಚಾ ಕುಡಿಯಾಕ ಹೋಗ್ಯಾರ. ಅವರೂ ಬಟನ್ ಒತ್ತಿನ ಹೋದೋರು.)

ನೀವು ಯಾರು ಅನ್ನೋದೂ ನನಗ ಅಂದಾಜೈತಿ. ಸಿಂಧನೂರಿನ ರೈಸ್ ಮಿಲ್ಲಿನಾಗ ಲೆಕ್ಕ ನೋಡೋರು ಇರಬೇಕು. ಇಲ್ಲಾ ಮಸ್ಕಿಯಾಗ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಹಾಕ್ಕೊಂಡೋರು. ಇಲ್ಲಾ ಲಿಂಗಸುಗೂರಿನಾಗ ಮದಿವಿ ಆಲ್ಬಂ ಮಾಡೋ ಸ್ಟುಡಿಯೋದೋರು. ಇದ್ಯಾವುದೂ ಅಲ್ಲಂದ್ರ ಕಾಲೇಜ್ ಲ್ಯಾಬಿನ ಕೀಲಿಕೈ ಬೆರಳಾಗ ತಿರುಗಿಸ್ಕೋತ ಅಡ್ಡಾಡೋ ಸರ್.

ಊರು ಮೂರು, ರಸ್ತಾ ಒಂದ, ಕಥಿನೂ ಒಂದ. ಫೈಲ್ ಇರೋದು ಒಂದು ಡಬ್ಬಿಯೊಳಗ, ಕೆಲಸ ಮಾಡೋದು ಇನ್ನೊಂದರ ಮ್ಯಾಲ, ನಡುವ ಒಂದು ನೀಲಿ ವೈರು. ಆ ವೈರಿನ ಮ್ಯಾಲ ಯಾರ್ಯಾರ ಚಪ್ಲಿ ಬಿದ್ದಾವ ಅಂತ ಈಗ ಬಗ್ಗಿ ನೋಡಬ್ಯಾಡ್ರಿ, ಆಮ್ಯಾಲ ನೋಡೂಣು.

"ನಮ್ಮಲ್ಲಿ ವಿಂಡೋಸ್ ರೀ, ಯೂನಿಕ್ಸ್ ಗೀನಿಕ್ಸ್ ನಮಗ್ಯಾಕ?" ಅಂತ ಜಾರಾಕ ಹೊಂಟೀರಿ ಹೌದಿಲ್ಲೋ? ಕುಂದ್ರರಿ. ಟೇಬಲ್ ಕೆಳಗ ಧೂಳು ತಿನ್ಕೋತ ಮಿಣಮಿಣ ಅನ್ನೋ ಕರೇ ಡಬ್ಬಿ ಐತಲ್ಲ, ನ್ಯಾಸ್ ಅಂತೀರಲ್ಲ, ಅದು ಸಿನಾಲಜಿ ಇರಲಿ, ಕ್ಯೂನ್ಯಾಪ್ ಇರಲಿ, ಹೊಟ್ಟಿಯೊಳಗ ಕುಂತಿರೋದು ಲಿನಕ್ಸ್. ಲ್ಯಾಬಿನಾಗ ಉಬುಂಟು ಹಾಕ್ಕೊಂಡೋರಂತೂ ಎರಡೂ ಕಡಿಂದ ಸಿಕ್ಕೀರಿ.

ನಡುವ ವೈರಿಟ್ಟು ಫೈಲ್ ಹಂಚಿಕೊಳ್ಳೋ ಈ ಪದ್ಧತಿ ಮಾಡಿದೋರು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯೋರು, 1984ರಾಗ. (1982ರಾಗ ಆ ಕಂಪನಿ ಕಟ್ಟಿದೋರ ಒಳಗ ನಮ್ಮ ವಿನೋದ್ ಖೋಸ್ಲಾನೂ ಒಬ್ಬರು.) ಆಗ ಹಾರ್ಡ್ ಡಿಸ್ಕ್ ಅಂದ್ರ ಕೈ ಸುಡೋ ರೇಟು. ಒಂದು ಮಷಿನ್ನಿಗೆ ದೊಡ್ಡ ಡಿಸ್ಕ್ ಹಾಕೂಣು, ಉಳಿದ ಮಷಿನ್ನು ನೆಟ್‌ವರ್ಕಿನ ಮ್ಯಾಲಿಂದ ಅದನ್ನ ತಮ್ಮ ಮನಿ ಡಿಸ್ಕ್ ಅನ್ನಂಗ ಬಳಸಲಿ ಅಂತ ಹೂಡಿದ ಹೂಟ ಅದು. ಹೆಸರು ನೆಟ್‌ವರ್ಕ್ ಫೈಲ್ ಸಿಸ್ಟಮ್, ಕರೆಯೋದು ಎನ್‌ಎಫ್‌ಎಸ್.

ತಮ್ಮದ ಅನ್ನಂಗ! ಎಡವಟ್ಟು ಶುರು ಆಗೋದು ಅಲ್ಲೇ ನೋಡ್ರಿ. ಡಿಸ್ಕ್ ದೂರ ಐತಿ ಅನ್ನೋದನ್ನ ಕಂಪ್ಯೂಟರು ನಿಮ್ಮಿಂದ ಮುಚ್ಚಿಡ್ತೈತಿ, ನೀವೂ ಖುಷಿಯಿಂದ ಮರೀತೀರಿ. ವೈರು ಕಿತ್ತ ದಿನ ಇಬ್ಬರಿಗೂ ಒಮ್ಮೆಲೆ ನೆಪ್ಪಾಗ್ತೈತಿ.

ಮರಿಯೋದು ನಿಮಗ ಶೋಭಾ ತರಂಗಿಲ್ಲ ಬಿಡ್ರಿ. ಸಿಂಧನೂರು ಸೀಮಿಯೋರು ನೀವು. ಗದ್ದಿ ನಿಮ್ಮದು, ಸೋನಾ ಮಸೂರಿ ನಿಮ್ಮದು, ನೀರು ಮಾತ್ರ ಹೊಸಪೇಟಿ ಡ್ಯಾಮಿಂದು. ನಡುವ 220 ಕಿ.ಮೀ.ಗೂ ಉದ್ದದ ತುಂಗಭದ್ರಾ ಎಡದಂಡೆ ನಾಲಿ. ಕೊನೀ ಭಾಗದೋರಂತೂ "ಮೈಲ್ 104ರಾಗ ಗೇಜ್ ಎಷ್ಟೈತಿ?" ಅಂತ ಕೇಳದ ಚಾ ಕುಡಿಯಂಗಿಲ್ಲ.

2024ರ ಆಗಸ್ಟ್ 10ರ ರಾತ್ರಿ ನೆಪ್ಪೈತಿಲ್ಲೋ? ಅಲ್ಲಿ ಚೈನ್ ಕಡಿದು 19ನೇ ಗೇಟು ಹೋತು, ಇಲ್ಲಿ ನಿಮ್ಮ ನಿದ್ದಿ ಹೋತು. ನಿಮ್ಮ ಗದ್ದಿಯೊಳಗ ಒಂದು ಬದುವೂ ಒಡೆದಿರಲಿಲ್ಲ, ತೂಬು ತನ್ನ ಜಾಗದಾಗ ಇತ್ತು. ಆದ್ರೂ ಹೊಟ್ಟಿಯೊಳಗ ಕಲಮಲ.

ಕಂಪ್ಯೂಟರಿನಾಗ ಆಗೋದೂ ಇಷ್ಟ. ಲೆಸ್ಲಿ ಲ್ಯಾಂಪೋರ್ಟ್ ಅಂತ ಒಬ್ಬ ದೊಡ್ಡ ವಿಜ್ಞಾನಿ (2013ರ ಟ್ಯೂರಿಂಗ್ ಪ್ರಶಸ್ತಿ ಅವರದು) 1987ರಾಗ ಒಂದು ಇಮೇಲಿನೊಳಗ ಕುಚೋದ್ಯ ಮಾಡಿದ್ರು. ಎಲ್ಲೋ ಒಂದು ಕಂಪ್ಯೂಟರ್ ಐತಿ ಅನ್ನೋದ ನಿಮಗ ಗೊತ್ತಿರಂಗಿಲ್ಲ, ಅದು ಕೆಟ್ಟು ನಿಮ್ಮ ಕಂಪ್ಯೂಟರ್ ಕೆಲಸಕ್ಕ ಬಾರದಂಗ ಆದ್ರ ನೀವು ಹಂಚಿಹೋದ ವ್ಯವಸ್ಥಾದಾಗ ಅದೀರಿ ಅಂತ ತಿಳೀರಿ ಅನ್ನೋದು ಅದರ ಅರ್ಥ. ಲ್ಯಾಂಪೋರ್ಟ್ ಸಾಹೇಬ್ರು ನಮ್ಮ ನಾಲಿ ನೋಡಿರಲಿಕ್ಕಿಲ್ಲ, ಆದ್ರ ಕೊನೀ ಭಾಗದೋರ ಮನಸ್ಸು ಬರೋಬ್ಬರಿ ಗೊತ್ತಿತ್ತು.

ನಾಲಿ ವಿಷಯದಾಗ ಇಷ್ಟು ಹುಷಾರಿರೋ ಮನಷಾರು, ನೀಲಿ ವೈರಿನ ವಿಷಯಕ್ಕ ಬಂದ್ರ ಯಾಕ ಹಿಂಗ? ಗೇಜ್ ಕೇಳಂಗಿಲ್ಲ, ಗೇಟ್ ನೋಡಂಗಿಲ್ಲ. ಸೀದಾ ಪವರ್ ಬಟನ್!

ಹೋಗ್ಲಿ, ಒಂದು ಮುಂಜಾನಿ ಲೆಕ್ಕ ಹಾಕೂಣು ಬರ್ರಿ. ರಾತ್ರಿ ಕರೆಂಟ್ ಹೋಗಿತ್ತು. (ನಮ್ಮ ಜಿಲ್ಲಾದಾಗ ಶಕ್ತಿನಗರ ಐತಿ, 1720 ಮೆಗಾವಾಟಿನ ಸ್ಥಾವರ. ಆ ಕರೆಂಟು ನಿಮ್ಮ ಅಂಗಡಿ ಮುಂದಿನ ಕಂಬದ ತನಕ ಬಂದು ಯಾಕ ನಾಚಿಕೊಳ್ತೈತೋ, ಅದನ್ನ ನಾನು ಕೇಳಂಗಿಲ್ಲ.) ಎಂಟಕ್ಕ ಕರೆಂಟ್ ಬಂತು. ಎಲ್ಲಾ ಮಷಿನ್ನು ಒಮ್ಮೆಲೆ ಎದ್ದವು.

ನಿಮ್ಮ ಹೊಸಾ ಕಂಪ್ಯೂಟರಿನಾಗ ಎಸ್‌ಎಸ್‌ಡಿ ಐತಿ. ಕಣ್ಣು ಮುಚ್ಚಿ ಬಿಡೋದರೊಳಗ ಎದ್ದು, ಮೀಸಿ ತಿರುವಿ, "ಎಲ್ಲೈತಿ ಫೈಲ್ ಸರ್ವರ್?" ಅಂತ ಕೂಗ್ತೈತಿ. ಸರ್ವರ್ ಡಬ್ಬಿಗೆ ತಿರುಗೋ ಡಿಸ್ಕು. ಕರೆಂಟ್ ಅಚಾನಕ್ ಹೋಗಿದ್ದಕ್ಕ ಅದು ಒಂದೊಂದ ಡಿಸ್ಕ್ ಮುಟ್ಟಿ ನೋಡಕೋತ, ಲೆಕ್ಕ ತಾಳೆ ಹಾಕ್ಕೋತ ಏಳ್ತೈತಿ. ಸ್ವಿಚ್ ಡಬ್ಬಿ ಇನ್ನೂ ಕಣ್ಣು ತಿಕ್ಕಾಕತ್ತೈತಿ. ಕೂಗಿದ್ದಕ್ಕ ಉತ್ತರ ಇಲ್ಲ. ನಿಮ್ಮ ಕಂಪ್ಯೂಟರ್ ಒಂದೆರಡು ನಿಮಿಷ ನೋಡಿ, "ಇಲ್ಲ ಬಿಡು" ಅಂತ ಕೈ ಚೆಲ್ಲಿತು. ಮೌಂಟ್ ಆಗಲಿಲ್ಲ.

ಈಗ ಒಳಗ ಬರೋರು ನೀವು. ಅಗರಬತ್ತಿ ಹಚ್ಚೀರಿ, ಕಂಪ್ಯೂಟರಿಗೆ ಕುಂಕುಮ ಹಚ್ಚೀರಿ, ಫೋಲ್ಡರ್ ತೆರೆದೀರಿ. ಖಾಲಿ! ಎದಿ ಧಸಕ್ ಅಂತೈತಿ. ಆಮ್ಯಾಲ ಏನು ಮಾಡ್ತೀರಿ? "ಹಳೇವು ಎಲ್ಲೋ ಹೋಗ್ಯಾವ, ಆಮ್ಯಾಲ ನೋಡಿದ್ರಾತು" ಅಂತ ಅದೇ ಖಾಲಿ ಫೋಲ್ಡರಿನಾಗ ಹೊಸ ಫೈಲ್ ಉಳಿಸಾಕ ಶುರು ಹಚ್ಕೋತೀರಿ. (ಮಾಡಿಲ್ಲ ಅನ್ನಬ್ಯಾಡ್ರಿ. ಗಿರಾಕಿ ಎದುರಿಗೆ ನಿಂತಿದ್ರು, ಅರ್ಜೆಂಟ್ ಇತ್ತು, ಎಲ್ಲಾ ಗೊತ್ತೈತಿ.)

ಹತ್ತುವರಿಗೆ ಯಾರೋ ಜಾಣರು ಮೌಂಟ್ ಮಾಡ್ತಾರ. ಹಳೇ ಫೈಲೆಲ್ಲ ಬಂದ್ವು, ಊರಿಗೆ ಸಕ್ಕರಿ ಹಂಚೋಷ್ಟು ಖುಷಿ. ಆದ್ರ ಮುಂಜಾನಿ ಮಾಡಿದ್ದು ಎಲ್ರೀ? ಮಾಯ! ಆಗ ಶುರು ಆಗ್ತೈತಿ ನೋಡ್ರಿ, ವೈರಸ್ ಬಂದೈತಿ, ಹುಡುಗ ಅಳಿಸ್ಯಾನ, ಯಾರದೋ ದೃಷ್ಟಿ ತಾಗೈತಿ.

ಯಾವ ದೃಷ್ಟಿನೂ ಇಲ್ಲ. ಮೌಂಟ್ ಅನ್ನೋದು ಒಂದು ಫೋಲ್ಡರಿನ ಮ್ಯಾಲ ಇನ್ನೊಂದು ಡಿಸ್ಕ್ ತಂದು ಕುಂದರಿಸೋದು. ಮುಂಜಾನಿ ಅದು ಕುಂತಿರಲಿಲ್ಲ, ನೀವು ಉಳಿಸಿದ್ದೆಲ್ಲ ಕೆಳಗಿನ ಸ್ವಂತ ಡಿಸ್ಕಿಗೆ ಹೋತು. ಆಮ್ಯಾಲ ಸರ್ವರಿನ ಡಿಸ್ಕ್ ಮ್ಯಾಲ ಬಂದು ಕುಂತು ಅದನ್ನ ಮುಚ್ಚಿತು. ಅನ್‌ಮೌಂಟ್ ಮಾಡಿ ನೋಡ್ರಿ, ನಿಮ್ಮ ಮುಂಜಾನಿ ಬೆವರೆಲ್ಲ ಅಲ್ಲೇ ಕುಂತಿರ್ತೈತಿ. ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ಇದ್ದೋರ ಪಾಡಂತೂ ಕೇಳಬ್ಯಾಡ್ರಿ: ಬ್ಯಾಕಪ್ ಎಲ್ಲಾ ಸ್ವಂತ ಡಿಸ್ಕಿಗೆ ಸುರಿದು, ಡಿಸ್ಕ್ ತುಂಬಿ, ಮುಂಜಾನಿ ಮಷಿನ್ನು ಲಾಗಿನ್ನಿಗೂ ತಕರಾರು ತೆಗೀತೈತಿ.

ಇದಕ್ಕ ಔಷಧ ಐದು ನಿಮಿಷದ್ದು. ಸರ್ವರ್ ಮೌಂಟ್ ಆಗದ ಹೊತ್ತಿನಾಗ ಆ ಖಾಲಿ ಫೋಲ್ಡರಿಗೆ ಚ್ಯಾಟ್ಟರ್ ಆಜ್ಞೆಯಿಂದ ಪ್ಲಸ್ ಐ ಗುರುತು ಹಾಕಿಬಿಡ್ರಿ. ಆಮ್ಯಾಲ ರೂಟ್ ಸಾಹೇಬ್ರು ಬಂದ್ರೂ ಅದರಾಗ ಒಂದಕ್ಷರ ಬರಿಯಾಕ ಆಗಂಗಿಲ್ಲ. ಮೌಂಟ್ ಆಯ್ತೋ, ಎಲ್ಲಾ ಎಂದಿನಂಗ. ಸ್ಕ್ರಿಪ್ಟ್ ಇದ್ರ ಮೊದಲನೇ ಸಾಲಿನಾಗ "ಮೌಂಟ್‌ಪಾಯಿಂಟ್" ಅನ್ನೋ ಆಜ್ಞೆಯಿಂದ ಕೇಳ್ರಿ, ಇಲ್ಲಂದ್ರ ಅಲ್ಲೇ ನಿಲ್ಲಲಿ. ಇಷ್ಟು ಸಸಾರ ಇದ್ರೂ ನೀವು ಮಾಡಿರಂಗಿಲ್ಲ. ಯಾಕಂದ್ರ ಇನ್ನೂ ಒಮ್ಮೆನೂ ಕಳಕೊಂಡಿಲ್ಲ, ಹೌದಿಲ್ಲೋ?

ಈಗ ಮೂಲಕ್ಕ ಹೋಗೂಣು. ಮುಂಜಾನಿ ಮೌಂಟ್ ಆಗಬೇಕು ಅಂತ ಹೇಳಿರೋದು ಎಲ್ಲಿ? ಎಫ್‌ಎಸ್‌ಟ್ಯಾಬ್ ಅನ್ನೋ ಫೈಲಿನಾಗ, ಒಂದು ಸಾಲು. ಆ ಸಾಲು ಬರೆದೋರ್ಯಾರು? ನೀವಂತೂ ಅಲ್ಲ. ಬೆಂಗಳೂರಿಂದ ಜಾತ್ರಿಗೆ ಬಂದಿದ್ದ ನಿಮ್ಮ ಸೋದರಳಿಯ. ಅವನೂ ಬರೆದಿಲ್ಲ ಬಿಡ್ರಿ, ಅವರ ಆಫೀಸಿನಾಗ ಯಾರೋ ಬರೆದದ್ದನ್ನ ಇಳಿಸಿಕೊಂಡು ಬಂದಿದ್ದ.

ಆ ಸಾಲಿನಾಗ "ಇಂಟರ್" ಅನ್ನೋ ಒಂದು ಮಾತು ಐತೇನು ನೋಡ್ರಿ. ಐತಾ? ಐತೇಐತಿ. ಸಿಕ್ಕಿಬಿದ್ದ ಪ್ರೋಗ್ರಾಮನ್ನ ನಡುವ ನಿಲ್ಲಿಸಾಕ ಬರಲಿ ಅಂತ ಹಿಂದ ಅದನ್ನ ಹಾಕ್ತಿದ್ರು. 2008ರಾಗ ಬಂದ ಲಿನಕ್ಸ್ 2.6.25 ಆವೃತ್ತಿಯಿಂದ ಆ ಮಾತಿಗೆ ಕರ್ನಲ್ ಕಿವಿನ ಕೊಡಂಗಿಲ್ಲ. ಅಂದಿನಿಂದ ನೀವು ಭಕ್ತಿಯಿಂದ ಬರಕೋತ ಬಂದೀರಿ, ಅದು ಭಕ್ತಿಯಿಂದ ಕಡೆಗಣಿಸ್ಕೋತ ಬಂದೈತಿ. (ಇಂಥಾ ಸಂಸಾರ ಊರಾಗ ಬೇಕಾದಷ್ಟು ಅದಾವ, ಅದು ಬ್ಯಾರೇ ಮಾತು.)

ಇನ್ನೊಂದು, "ಟೈಮೊ". ಎಷ್ಟು ಹೊತ್ತು ಉತ್ತರಕ್ಕ ಕಾಯಬೇಕು ಅನ್ನೋದು. ನೀವು 10 ಅಂತ ಬರದೀರಿ. ಹತ್ತು ಸೆಕೆಂಡ್ ಸಾಕು, ಅದಕ್ಕಿಂತ ಜಾಸ್ತಿ ನಾನ ಕಾಯಂಗಿಲ್ಲ, ಮಷಿನ್ ಯಾಕ ಕಾಯಬೇಕು ಅಂತ ನಿಮ್ಮ ಲೆಕ್ಕ. ಆದ್ರ ಅಲ್ಲಿ ಎಣಿಸೋದು ಸೆಕೆಂಡಿನ ಹತ್ತನೇ ಭಾಗದಾಗ! 10 ಅಂದ್ರ ಒಂದ ಸೆಕೆಂಡ್. ನೀವು ಏನೂ ಬರೀದ ಸುಮ್ಕಿದ್ದಿದ್ರ ಟಿಸಿಪಿ ಮ್ಯಾಲ ಅದು 600, ಅಂದ್ರ ಒಂದು ನಿಮಿಷ ಇರ್ತಿತ್ತು. ನಿಮ್ಮ ಜಾಣತನದಿಂದ ಒಂದು ನಿಮಿಷದ ಸೈರಣಿ ಒಂದು ಸೆಕೆಂಡಿಗೆ ಇಳೀತು.

ಇದರ ಜೋಡಿ "ಸಾಫ್ಟ್" ಅಂತ ಬರದೀರೋ, ಮುಗೀತು ಕಥಿ. ಇಲ್ಲೊಂಚೂರು ನಿಂದರ್ರಿ, ಎಲ್ಲಾ ಗದ್ದಲದ ಬೇರು ಇಲ್ಲೈತಿ.

ಸರ್ವರ್ ಉತ್ತರ ಕೊಡದಾಗ ಏನು ಮಾಡಬೇಕು ಅನ್ನೋದಕ್ಕ ಎರಡು ದಾರಿ. "ಹಾರ್ಡ್" ಅಂದ್ರ ತೂಬಿನ ಮ್ಯಾಲ ಟವೆಲ್ ಹಾಸಿ ಕುಂತ ರೈತ. ನೀರು ಬರೋತನಕ ಏಳಂಗಿಲ್ಲ, ನೀವು ಏನು ಬೈದ್ರೂ ಏಳಂಗಿಲ್ಲ. "ಸಾಫ್ಟ್" ಅಂದ್ರ ಸ್ವಲ್ಪ ಹೊತ್ತು ಕುಂತು, "ಬರಲಿಲ್ಲ" ಅಂತ ಹೇಳಿ ಬೈಕ್ ಹತ್ತೋನು. ಏನೂ ಬರೀದಿದ್ರ ಎನ್‌ಎಫ್‌ಎಸ್ ಹಿಡಿಯೋದು ಹಾರ್ಡ್ ದಾರಿ.

ನಿಮಗ ಯಾವುದು ಸೇರ್ತೈತಿ? ಬೈಕ್ ಹತ್ತೋನು! ಯಾಕಂದ್ರ ಸ್ಕ್ರೀನ್ ಹೆಪ್ಪುಗಟ್ಟಂಗಿಲ್ಲ, ಮೌಸ್ ಆಡ್ತೈತಿ, "ಸಿಸ್ಟಮ್ ಫಾಸ್ಟ್ ಐತಿ" ಅಂತ ಎದಿ ಉಬ್ಬಿಸಬಹುದು. ಆದ್ರ "ಬರಲಿಲ್ಲ" ಅನ್ನೋ ಮಾತನ್ನ ಅದು ಯಾರಿಗೆ ಹೇಳ್ತು? ನಿಮ್ಮ ಪ್ರೋಗ್ರಾಮಿಗೆ. ಪ್ರೋಗ್ರಾಮ್ ಬರೆದೋನು, ಡಿಸ್ಕ್ ಅಂದ್ರ ಯಾವತ್ತೂ ಇರೋದ ಅಂತ ತಿಳ್ಕೊಂಡು ಆ ಮಾತು ಕೇಳಿಸ್ಕೊಳ್ಳಾಕ ಕಿವಿನ ಇಟ್ಟಿರಂಗಿಲ್ಲ. ಅರ್ಧ ಬರೆದ ಫೈಲ್ ಅರ್ಧಕ್ಕ ನಿಂತಿತು. ತೆರೆ ಮ್ಯಾಲ ಎಲ್ಲಾ ಸುಖ.

ಎರಡು ವಾರ ಆದ ಮ್ಯಾಲ ಆಲ್ಬಂ ತೆರೀತೀರಿ. ಮದುಮಗಳು ಸೊಂಟದ ತನಕ ಚಂದಗದಾಳ, ಅದರ ಕೆಳಗ ಬೂದಿ ಬಣ್ಣ. ಅಕ್ಷತಿ ಹಾಕೋ ಫೋಟೋದಾಗ ಕೈ ಅದಾವ, ಅಕ್ಕಿ ಇಲ್ಲ. ಬೀಗರು ಮುಂದ ಕುಂತಾರ. ಈಗ ಹೇಳ್ರಿ, ಅವತ್ತು ಐದು ನಿಮಿಷ ಸ್ಕ್ರೀನ್ ಹೆಪ್ಪುಗಟ್ಟಿದ್ರ ಏನು ಗಂಟು ಹೋಗ್ತಿತ್ತು?

ಅದಕ್ಕ ಬರೆಯೋ ಫೈಲ್ ಇದ್ದಲ್ಲಿ ಹಾರ್ಡ್ ಇರಲಿ. ಎರಡನೇ ಮಾತಿಲ್ಲ. ಬರೇ ಓದೋ ಸಾಮಾನು (ಹಳೇ ಸಿನಿಮಾ ಹಾಡು, ಸಾಫ್ಟ್‌ವೇರ್ ಸಿಡಿ ಇಮೇಜು, ಗಣಪತಿ ಫ್ಲೆಕ್ಸಿನ ಹೋದ ವರ್ಷದ ಡಿಸೈನು) ಇದ್ದಲ್ಲಿ ಸಾಫ್ಟ್ ಬೇಕಾದ್ರ ಮಾಡ್ಕೋರಿ, ಸತ್ರ ಹಾಡು ಅರ್ಧಕ್ಕ ನಿಲ್ತೈತಿ ಅಷ್ಟ.

"ಹಾರ್ಡ್ ಇಟ್ರ ಮಷಿನ್ ಪೂರಾ ಕುಂತಬಿಡ್ತೈತಲ್ರೀ, ಏನು ಮಾಡೂದು?" ಕುಂದರ್ತೈತಿ. ಹಳೇ ಮಂದಿಗೆ ಕೇಳ್ರಿ, ಆ ಪ್ರೋಗ್ರಾಮನ್ನ ಕಿಲ್ ಮೈನಸ್ ಒಂಬತ್ತು ಹಾಕಿದ್ರೂ ಸಾಯ್ತಿರಲಿಲ್ಲ. ಅದೇ 2008ರ ಕರ್ನಲ್ಲಿನಿಂದ ಅಷ್ಟರಮಟ್ಟಿಗೆ ಮೋಕ್ಷ ಸಿಕ್ಕೈತಿ, ಹಾರ್ಡ್ ಇದ್ರೂ ಸಿಕ್ಕೊಂಡ ಪ್ರೋಗ್ರಾಮನ್ನ ಒಂಬತ್ತರ ಏಟಿನಿಂದ ಕೊಲ್ಲಬಹುದು. ಆದ್ರ ಕೊಂದೋರು ಬರೀಬೇಕಾಗಿದ್ದನ್ನೂ ಕೊಂದಂಗ. ಮೊದಲ ಸರ್ವರ್ ಕಡೆ ಹೋಗಿ ನೋಡ್ರಿ, ಆಮ್ಯಾಲ ಹತ್ಯಾ ಮಾಡ್ರಿ.

ಇಲ್ಲಿ ನಿಮ್ಮ ಇನ್ನೊಂದು ಚಾಳಿ ಹೇಳಲೇ ಬೇಕು. ಮಷಿನ್ ಕುಂತೈತಿ ಅಂದ ಕೂಡ್ಲೇ "ಡಿಸ್ಕ್ ತುಂಬೈತೇನೋ" ಅಂತ ಡಿಎಫ್ ಹೊಡೀತೀರಿ. ಡಿಎಫ್ ಎಲ್ಲಾ ಮೌಂಟಿಗೂ ಹೋಗಿ "ಎಷ್ಟು ಜಾಗ ಐತಿ?" ಅಂತ ಕೇಳ್ತೈತಿ, ಸತ್ತ ಸರ್ವರಿನ ಬಾಗಲಿಗೂ ಹೋಗಿ ಅಲ್ಲೇ ನಿಂದರ್ತೈತಿ. ಅದು ಬರಲಿಲ್ಲ ಅಂತ ಇನ್ನೊಂದು ಕಿಟಕಿ ತೆರೆದು ಇನ್ನೊಂದು ಡಿಎಫ್. ಅದೂ ಅಲ್ಲೇ. ಸಂಜಿತನಕ ಏಳು ಡಿಎಫ್ ಸಾಲಾಗಿ ರೇಷನ್ ಅಂಗಡಿ ಮುಂದ ನಿಂತಂಗ. (ಮೈನಸ್ ಎಲ್ ಹಾಕಿದ್ರ ಸ್ವಂತ ಡಿಸ್ಕ್ ಅಷ್ಟ ನೋಡಿ ತಿರುಗಿ ಬರ್ತೈತಿ. ಎದಿ ಮ್ಯಾಲ ಬರ್ಕೋರಿ.)

ಕರೆಂಟಿನ ಮುಂಜಾನಿಗೆ ವಾಪಸ್ ಬರೂಣು. ಅಲ್ಲಿ ಹಳೇ ಮಂದಿ "ಬಿಜಿ" ಅಂತ ಒಂದು ಮಾತು ಹಾಕ್ತಿದ್ರು. ಅಂದ್ರ, ಮೊದಲನೇ ಸಲ ಸರ್ವರ್ ಸಿಗಲಿಲ್ಲಂದ್ರ ಬೂಟ್ ನಿಲ್ಲಿಸಬ್ಯಾಡ, ಹಿಂದಿಂದ ಕೇಳ್ಕೋತ ಇರು. ಎಷ್ಟು ಹೊತ್ತು ಕೇಳ್ತೈತಿ ಗೊತ್ತೈತಾ? 10000 ನಿಮಿಷ! ಒಂದು ವಾರಕ್ಕ 80 ನಿಮಿಷ ಕಮ್ಮಿ. ಮಷಿನ್ನಿಗೆ ಒಂದು ವಾರದ ತಾಳ್ಮಿ ಐತಿ, ನಿಮಗ ಹದಿನೈದು ಸೆಕೆಂಡಿಂದು.

ಈಗಿನ ಲಿನಕ್ಸಿನಾಗ ಇದಕ್ಕಿಂತ ಚೊಲೋದು ಆಟೋಮೌಂಟ್. ಬೂಟ್ ಆಗೋವಾಗ ಸರ್ವರಿನ ಹೆಸರೂ ಎತ್ತಬ್ಯಾಡ, ಯಾರಾದ್ರೂ ಆ ಫೋಲ್ಡರ್ ಮುಟ್ಟಿದಾಗ ಮೌಂಟ್ ಮಾಡು, ಯಾರೂ ಮುಟ್ಟದಿದ್ರ ಕಳಚಿಡು ಅಂತ. ಅಗರಬತ್ತಿ ಹಚ್ಚೋ ಹೊತ್ತಿಗೆ ಸರ್ವರ್ ಎದ್ದಿರ್ತೈತಿ, ನೀವು ಮುಟ್ಟಿದಾಗ ಸೀದಾ ಸಿಗ್ತೈತಿ. ಸಿಗಲಿಲ್ಲಂದ್ರ ಎರರ್ ಬರ್ತೈತಿ ಹೊರತು, ಖಾಲಿ ಫೋಲ್ಡರ್ ತೋರಿಸಿ ಮೋಸ ಮಾಡಂಗಿಲ್ಲ. ಎಫ್‌ಎಸ್‌ಟ್ಯಾಬ್ ಸಾಲಿನಾಗ "ನೋಆಟೊ" ಮತ್ತು ಸಿಸ್ಟಮ್‌ಡಿಯ ಆಟೋಮೌಂಟ್ ಮಾತು ಎರಡೂ ಕೂಡಿಸ್ರಿ, ಮೌಂಟಿಗೆ ಕಾಯೋ ಹೊತ್ತು 30 ಸೆಕೆಂಡ್ ಅಂತ ಹಾಕ್ರಿ. ಅಳಿಯ ಬರೋತನಕ ಕಾಯಬ್ಯಾಡ್ರಿ.

ವೈಫೈ ಮ್ಯಾಲ ಮೌಂಟ್ ಮಾಡಿಟ್ಟೋರು ಯಾರಾದ್ರೂ ಅದೀರೇನು? ಕೈ ಎತ್ರಿ. (ಎತ್ತಿದ್ದು ಕಾಣ್ತು.) ವೈಫೈ ಪಾಸ್‌ವರ್ಡ್ ನಿಮ್ಮ ಖಾತೆಯೊಳಗ ಕುಂತಿದ್ರ, ನೀವು ಲಾಗಿನ್ ಆಗೋತನಕ ನೆಟ್‌ವರ್ಕ್ ಬರಂಗಿಲ್ಲ. ನೆಟ್‌ವರ್ಕ್ ಇಲ್ಲದ ಮೌಂಟ್ ಹೆಂಗ ಆಗಬೇಕು? ಆದ್ರೂ ದಿನಾ ಮುಂಜಾನಿ ನೀವು ಬೈಯೋದು ಸರ್ವರಿಗೆ.

ಈಗ ಹೆಸರಿನ ವಿಷಯ. ಮಸ್ಕಿಯೋರು ಸ್ವಲ್ಪ ಮುಂದ ಬರ್ರಿ. 1915ರಾಗ ಬೀಡನ್ ಅನ್ನೋ ಗಣಿ ಇಂಜಿನಿಯರ್ ನಿಮ್ಮೂರ ಗುಡ್ಡದಾಗ ಶಾಸನ ಕಂಡ. ಅಲ್ಲಿತನಕ ಸಿಕ್ಕ ಶಾಸನದಾಗೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಬಿರುದು ಅಷ್ಟ. ಯಾವ ರಾಜ, ಏನು ಕಥಿ, ಪಂಡಿತರು ತಲಿ ಕೆರಕೋತಿದ್ರು. ಅಶೋಕ ಅನ್ನೋ ಹೆಸರು ಕಲ್ಲಿನ ಮ್ಯಾಲ ಮೊದಲನೇ ಸಲ ಸಿಕ್ಕಿದ್ದು ನಿಮ್ಮಲ್ಲಿ. ಒಂದು ಹೆಸರಿನಿಂದ ಜಗತ್ತಿನ ಇತಿಹಾಸದ ಗಂಟು ಬಿಡಿಸಿದ ಊರು!

ಅಂಥಾ ಊರಿನ ನಿಮ್ಮ ಲ್ಯಾಬಿನಾಗ ಇಪ್ಪತ್ತು ಮಷಿನ್ನಿಗೂ ಒಂದ ಹೆಸರು. ಒಂದು ಮಷಿನ್ ಸೆಟ್ ಮಾಡೀರಿ, ಉಳಿದವಕ್ಕ ಅದರ ನಕಲು ಇಳಿಸೀರಿ, ಹೆಸರು ಬದಲಿಸಾಕ ಬ್ಯಾಸರ. 2000ದಾಗ ಬಂದ ಎನ್‌ಎಫ್‌ಎಸ್ ನಾಕನೇ ಆವೃತ್ತಿಯಾಗ ಯಾವ ಕ್ಲಯಂಟ್ ಯಾವ ಫೈಲ್ ಹಿಡದೈತಿ, ಯಾವುದಕ್ಕ ಲಾಕ್ ಹಾಕೈತಿ ಅನ್ನೋದನ್ನ ಸರ್ವರ್ ನೆಪ್ಪಿಟ್ಕೊಂಡಿರ್ತೈತಿ. ಲಿನಕ್ಸ್ ಕ್ಲಯಂಟ್ ತನ್ನ ಗುರುತು ಹೇಳೋದು ಬಹಳ ಮಾಡಿ ಹೋಸ್ಟ್‌ನೇಮಿನಿಂದ. ಎರಡು ಮಷಿನ್ ಒಂದ ಹೆಸರು ಹೇಳಿದ್ರ, "ಓ, ಇವನ ಸತ್ತು ಎದ್ದು ಬಂದಾನ" ಅಂತ ಸರ್ವರ್ ಮೊದಲಿನೋನ ಲಾಕ್ ಎಲ್ಲಾ ಕಿತ್ತು ಹಾಕ್ತೈತಿ. ಆಮ್ಯಾಲ ಅವನು ಬಂದು ಇವನದನ್ನ ಕೀಳ್ತಾನ. ಹುಡುಗರು ಪ್ರಾಕ್ಟಿಕಲ್ ಪರೀಕ್ಷಿಯಾಗ ಕುಂತು ಅಳ್ತಾರ, ನೀವು ಸ್ವಿಚ್ ಬದಲಿಸಾಕ ರಾಯಚೂರಿಗೆ ಹೋಗ್ತೀರಿ.

ಸರ್ವರಿನ ವಿಳಾಸನೂ ಹಂಗ. ನ್ಯಾಸ್ ಡಬ್ಬಿಗೆ ವಿಳಾಸ ಕೊಡೋದು ನಿಮ್ಮ ರೌಟರು. ರೌಟರ್ ಒಮ್ಮೆ ಬಿದ್ದು ಎದ್ರ ಕೊನೀ ಅಂಕಿ 10 ಇದ್ದದ್ದು 14 ಆಗಿ ಕುಂದರ್ತೈತಿ. ರೌಟರಿನಾಗ ಆ ಡಬ್ಬಿಗೆ ಒಂದು ವಿಳಾಸ ಕಾಯಂ ಮಾಡ್ರಿ, ಎಲ್ಲಾ ಮಷಿನ್ನಿನ ಹೋಸ್ಟ್ಸ್ ಫೈಲಿನಾಗ ಅದರ ಹೆಸರು ಬರೀರಿ.

"ಸ್ಟೇಲ್ ಫೈಲ್ ಹ್ಯಾಂಡಲ್" ಅಂತ ಬರೋದು ಬ್ಯಾರೇ ರೋಗ, ಒಂದ ಮಾತಿನಾಗ ಮುಗಸ್ತೀನಿ. ಸರ್ವರಿನಾಗ ಯಾರೋ ಆ ಫೋಲ್ಡರ್ ಅಳಿಸಿ ಅದೇ ಹೆಸರಿಂದು ಹೊಸಾದು ಮಾಡ್ಯಾರ, ಇಲ್ಲಾ ಡಿಸ್ಕ್ ಬದಲಿಸ್ಯಾರ. ಹೆಸರು ಅದ ಇದ್ರೂ ಒಳಗಿನ ಗುರುತು ಬ್ಯಾರೇ. ಕಳಚಿ ಮತ್ತ ಮೌಂಟ್ ಮಾಡ್ರಿ, ಮೇಲಿಂದ ಮೇಲೆ ಬರ್ತಿದ್ರ ಸರ್ವರಿನ ಎಕ್ಸ್‌ಪೋರ್ಟ್ಸ್ ಫೈಲಿನಾಗ "ಎಫ್‌ಎಸ್‌ಐಡಿ" ಒಂದು ಕಾಯಂ ಮಾಡ್ರಿ. (ಅಳಿಸಿದೋರು ಯಾರು ಅಂತ ವಿಚಾರಣಿ ಬ್ಯಾಡ. ನಿಮ್ಮ ಮಾರಿ ನೋಡಿದ್ರ ತಿಳೀತೈತಿ.)

ಆ ಎಕ್ಸ್‌ಪೋರ್ಟ್ಸ್ ಫೈಲ್ ತೆರೆದಾಗ "ಎಸಿಂಕ್" ಅಂತ ಕಂಡ್ರ ಗಾಬರಿ ಆಗ್ರಿ. ಅಂದ್ರ, ಡಿಸ್ಕಿಗೆ ಬರೆಯೋಕಿಂತ ಮೊದಲ "ಬರದೀನಿ" ಅಂತ ಸರ್ವರ್ ಸುಳ್ಳು ಹೇಳೋದು. ಹಳೇ ಎನ್‌ಎಫ್‌ಎಸ್ ಯುಟಿಲ್ಸಿನಾಗ, 1.0.0 ಆವೃತ್ತಿ ತನಕ, ತಾನ ಇದ್ದದ್ದು ಇದ. ಆಮ್ಯಾಲ ಬುದ್ಧಿ ಬಂದು "ಸಿಂಕ್" ಮಾಡಿದ್ರು. ನೀವು ಸ್ಪೀಡ್ ಬೇಕಂತ ವಾಪಸ್ ಎಸಿಂಕ್ ಮಾಡೀರಿ. ಸ್ಪೀಡ್ ಖರೇನ ಬರ್ತೈತಿ. ಕರೆಂಟ್ ಹೋದಾಗ "ಬರದೀನಿ" ಅಂದದ್ದೆಲ್ಲ ಅಷ್ಟೇ ಸ್ಪೀಡಿನಾಗ ಹೋಗ್ತೈತಿ.

ಯುಪಿಎಸ್ ಐತಿ ಅಂತೀರಾ? ಎಲ್ಲೆಲ್ಲಿಗೆ ಜೋಡಿಸೀರಿ ಹೇಳ್ರಿ. ನಿಮ್ಮ ಕಂಪ್ಯೂಟರಿಗೆ, ಸರ್ವರಿಗೆ, ಫ್ಯಾನಿಗೆ, ಫೋನ್ ಚಾರ್ಜರಿಗೆ, ಸಿಸಿಟಿವಿಗೆ. ನಡುವಿನ ಸ್ವಿಚ್ ಡಬ್ಬಿ? ಅದು ಗ್ವಾಡಿ ಸಾಕೆಟ್ಟಿನಾಗ! ಸರ್ವರ್ ಜೀವಂತ, ಕಂಪ್ಯೂಟರ್ ಜೀವಂತ, ನಡುವಿನ ಹಾದಿ ಸತ್ತೈತಿ. ಲಿಂಗಸುಗೂರಿನೋರಿಗೆ ಏನು ಹೇಳ್ಲಿ, ಹಟ್ಟಿಯಾಗ ಚಿನ್ನ ಅಗೆಯೋ ತಾಲೂಕು ನಿಮ್ಮದು, ಯುಪಿಎಸ್ ಬ್ಯಾಟರಿ ಬದಲಿಸಾಕ ಮಾತ್ರ "ದೀಪಾವಳಿ ಆಗಲಿ" ಅಂತೀರಿ.

"ಸರ್ವರ್ ಸತ್ತಬಿಟ್ರ?" ಅಂತ ಕೆಲವರಿಗೆ ಚಿಂತಿ. ಒಂದ ಫೈಲನ್ನ ಮೂರ್ನಾಕು ಸರ್ವರಿನಾಗ ಇಟ್ಟು, ಒಂದು ಸತ್ರೂ ಉಳಿದವು ನಡಸ್ಕೊಂಡು ಹೋಗೋ ಪದ್ಧತಿ ಅದಾವ. ಬೆಂಗಳೂರಿನಾಗ ಎಂಜಿನಿಯರ್‌ಗಳ ತಂಡ ಇಟ್ಕೊಂಡಿದ್ದ ಗ್ಲಸ್ಟರ್ ಅನ್ನೋ ಕಂಪನಿ ಇಂಥಾದ್ದನ್ನ ಮಾಡಿ, 2011ರಾಗ 13 ಕೋಟಿ 60 ಲಕ್ಷ ಡಾಲರಿಗೆ ರೆಡ್ ಹ್ಯಾಟ್ ಪಾಲಾತು. ನಿಮಗ ಅದು ಸದ್ಯ ಬ್ಯಾಡ. ಮೊದಲ ಆ ಸ್ವಿಚ್ ಡಬ್ಬಿ ಪ್ಲಗ್ಗು ಕಿತ್ತು ಯುಪಿಎಸ್ಸಿಗೆ ಹಾಕ್ರಿ.

ಕೊನೀಗೊಂದು ಚಾಳಿ ಉಳಿದೈತಿ, ಇದು ನನಗ ಭಾಳ ಸೇರಿದ್ದು. ಎನ್‌ಎಫ್‌ಎಸ್ ನಾಕರ ಸರ್ವರ್ ಬಿದ್ದು ಎದ್ದ ಮ್ಯಾಲ, ಲಿನಕ್ಸಿನಾಗ ಸುಮಾರು 90 ಸೆಕೆಂಡ್ ಯಾರಿಗೂ ಹೊಸ ಫೈಲ್ ತೆರೆಯಾಕ ಬಿಡಂಗಿಲ್ಲ. "ಹಳೇ ಗಿರಾಕಿಗಳು ಮೊದಲ ಬಂದು ತಮ್ಮ ತಮ್ಮ ಲಾಕ್ ವಾಪಸ್ ತಗೋರಿ" ಅಂತ ಕೊಟ್ಟ ಸವಡು ಅದು. ಆ ಹೊತ್ತಿನಾಗ ಎಲ್ಲಾ ಮಷಿನ್ನು ಗಪ್‌ಚಿಪ್.

ನೀವು ಏನು ಮಾಡ್ತೀರಿ? ಅರವತ್ತು ಸೆಕೆಂಡ್ ನೋಡ್ತೀರಿ. (ನಿಮ್ಮ ಮಟ್ಟಿಗೆ ಇದು ತಪಸ್ಸು.) "ಸರ್ವರ್ ಸರಿಯಾಗಿ ಎದ್ದಿಲ್ಲ ಕಾಣ್ತೈತಿ" ಅಂತ ಮತ್ತ ರೀಸ್ಟಾರ್ಟ್ ಮಾಡ್ತೀರಿ. 90 ಸೆಕೆಂಡ್ ಮತ್ತ ಮೊದಲಿಂದ ಎಣಿಕಿ. ಮತ್ತ ಅರವತ್ತಕ್ಕ ರೀಸ್ಟಾರ್ಟ್. ಮಧ್ಯಾಹ್ನತನಕ ಹಿಂಗ ನಡೆದು, ನಿಮಗ ಬ್ಯಾಸರಾಗಿ ಒಗ್ಗರಣಿ-ಮಿರ್ಚಿ ತಿನ್ನಾಕ ಎದ್ದು ಹೋದಾಗ ತಾನ ಸರಿ ಆಗ್ತೈತಿ. ವಾಪಸ್ ಬಂದು "ನಾನ ಸರಿ ಮಾಡಿದೆ" ಅಂತ ಎಲ್ಲರಿಗೂ ಹೇಳ್ತೀರಿ.

ಎಲ್ಲಾ ಬರ್ಕೊಂಡ್ರಿ? ಹಂಗಾರ ಒಂದು ಪರೀಕ್ಷಾ. ಇವತ್ತು ಸಂಜಿಕ ಅಂಗಡಿ ಮುಚ್ಚಿದ ಮ್ಯಾಲ, ಮುಖ್ಯ ಫೈಲ್ ನಕಲು ತಗೊಂಡು, ಬ್ಯಾಡಾದ ಒಂದು ಫೈಲ್ ಸರ್ವರಿಗೆ ಕಾಪಿ ಹಚ್ಚಿ, ನಡುವ ಆ ನೀಲಿ ವೈರು ಕೀಳ್ರಿ. ಐದು ನಿಮಿಷ ಬಿಟ್ಟು ಹಾಕ್ರಿ. ಕಾಪಿ ನಿಂತಲ್ಲಿಂದ ಮುಂದುವರೀತೋ, ಎರರ್ ಕೊಟ್ಟಿತೋ, ಫೈಲ್ ಪೂರಾ ಬಂತೋ ನೋಡ್ರಿ. ಆಮ್ಯಾಲ ಸರ್ವರ್ ಆಫ್ ಮಾಡಿ, ಕಂಪ್ಯೂಟರ್ ಒಂದನ್ನ ಬೂಟ್ ಮಾಡಿ ನೋಡ್ರಿ.

ಏನಾತು? ಕೈ ಹಿಂದ ಸರೀತಾ? "ಈಗ ಚಂದಗ ನಡದೈತಿ, ಯಾಕ ಸುಮ್ಕ ಕೆಣಕೋದು, ಮುಂದಿನ ವಾರ ನೋಡೂಣು" ಅಂತೀರಾ? ಆತು ಬಿಡ್ರಿ. ನೀವು ಕೀಳದಿದ್ರ ನಾಳೆ ನಸುಕಿನಾಗ ಕರೆಂಟ ಬಂದು ಈ ಪರೀಕ್ಷಾ ಮಾಡ್ತೈತಿ, ಫೈಲ್ ಮಾತ್ರ ನಿಮಗ ಬೇಕಾದದ್ದನ್ನ ಆರಿಸ್ತೈತಿ.